ಹೊರ್ತಿಯ ಶೋಕರಾಗ

ಇಂಡಿ ಪಟ್ಟಣದಲ್ಲಿ ಹಾರ್ಮೋನಿಯಂ ಕಲಿಸುವ ಪೇಟಿ ಮಾಸ್ತರ ಶ್ರೀಶೈಲಪ್ಪನವರ ಪಾಲಿಗೆ ಊರಿಗೆ ಊರೇ ಕಿವುಡು. ಡೊಳ್ಳಿನವರು ಕತ್ತೆಗಳು, ಭಜನೆಯವರು ಕಪ್ಪೆಗಳು. ಸಿನಿಮಾ ಹಾಡು ಗುನುಗುವವರನ್ನಂತೂ ಅವರು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಂಥ ಮಹಾಶಯರು ಹೆಂಡತಿ ಇಂದ್ರಾಬಾಯಿ ಸತ್ತ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಕೆಯ ತಮ್ಮ ರೇವಣಪ್ಪ ಹೆಣದ ಮುಂದೆಯೇ, "ಮಾವಾರ ಎದ್ಯಾಗ ಕಲ್ಲು ಐತಿ" ಅಂದುಬಿಟ್ಟ. ಆ ಮಾತು ಎರಡು ವರ್ಷ ಮಾಸ್ತರರನ್ನು ಒಳಗೊಳಗೇ ತಿಂದಿತ್ತು. ಇದ್ದರೂ ಇರಬಹುದೇನೋ ಎಂದು ಅವರಿಗೂ ಹೆದರಿಕೆ.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಹತ್ತಿರದ ಹೊರ್ತಿ ಹಳ್ಳಿಗೆ ಹೋದಾಗ ಕುರಿಗಾರರ ಶೇವಂತೆವ್ವ ಮನೆಯೊಳಗೆ ಏನೋ ಕುಟ್ಟುತ್ತ ಹಾಡುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಾಸ್ತರರ ಕಣ್ಣಿಂದ ನೀರು ಧಾರಾಕಾರ. ಹೊರಬಂದ ಶೇವಂತೆವ್ವಳೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇನ್ನೇನು ಬೇಕು! ದುಃಖ ಇರುವುದು ಸ್ವರದಲ್ಲಿ, ಕೇಳುವವನ ಎದೆಯಲ್ಲಲ್ಲ. ತಕ್ಕ ಸ್ವರ ಕಿವಿಗೆ ಬಿದ್ದರೆ ಎಂಥವನೂ ಅಳಲೇಬೇಕು. ಇಂದ್ರಾಬಾಯಿ ಹೋದ ದಿನ ತಮ್ಮ ಕಿವಿಗೆ ಅದು ಬಿದ್ದಿರಲಿಲ್ಲ, ಅಷ್ಟೇ. ಮಾಸ್ತರರು ಸ್ವರ ಬರೆದುಕೊಂಡರು, ಹಾಡಿನ ಮಾತು ವಿಚಾರಿಸಲಿಲ್ಲ. ಮಾತೆಲ್ಲ ಹೊಟ್ಟು, ಸ್ವರವೇ ಕಾಳು ಎಂಬುದು ಅವರ ದೊಡ್ಡಸ್ತಿಕೆ.

ಮುಂದಿನ ತಿಂಗಳು ಇಂಡಿಯ ಶಾಲೆಯೊಂದರಲ್ಲಿ ಮಾಸ್ತರರ ಉಪನ್ಯಾಸ. ಕಲ್ಲು ಅಂದಿದ್ದ ರೇವಣಪ್ಪನನ್ನು ಹುಡುಕಿ ತಂದು ಮುಂದೆ ಕೂಡಿಸಿದರು. ಸಾಕ್ಷಿಗೆಂದು ಶೇವಂತೆವ್ವಳನ್ನೂ ಕರೆಸಿ, "ನೀ ಬಾಯಿ ಬಿಡಬ್ಯಾಡ, ನಿನಗಿದು ತಿಳಿಯೂದಲ್ಲ" ಎಂದು ಗೋಡೆಯ ಪಕ್ಕ ಕೂಡಿಸಿದರು. ಆಮೇಲೆ ಪೇಟಿ ಎಳೆದುಕೊಂಡರು.

"ಈಗ ಬಾರಸೂದು ಶುದ್ಧ ಶೋಕ. ಇದಕ್ಕ ಅಳಲಾರದವರಿಗೆ ಕಿವಿನ ಇಲ್ಲಂತ ತಿಳೀರಿ."

ಹೊರ್ತಿಯಲ್ಲಿ ಬರೆದುಕೊಂಡಿದ್ದ ಸ್ವರ ಪೇಟಿಯಿಂದ ಹೊರಟಿತು. ಕಿವಿ ಇಲ್ಲದವನು ಅನ್ನಿಸಿಕೊಳ್ಳಲು ಯಾರಿಗೆ ಬೇಕಾಗಿದೆ? ವಕೀಲರು ಕರವಸ್ತ್ರ ತೆಗೆದರು. ಅಡತಿ ಅಂಗಡಿಯ ದಲ್ಲಾಳಿ ರಾವಸಾಬ ಎಲ್ಲರಿಗೂ ಕೇಳುವಂತೆ ಮೂಗು ಸೀಟಿದ. ರೇವಣಪ್ಪನೂ ಟೋಪಿ ತೆಗೆದು ತಲೆ ತಗ್ಗಿಸಿದ. ಮಾಸ್ತರರು ಮೀಸೆಯಲ್ಲೇ ನಕ್ಕರು.

ಅಷ್ಟರಲ್ಲಿ ಶೇವಂತೆವ್ವ ಕಿಸಕ್ಕನೆ ನಕ್ಕುಬಿಟ್ಟಳು.

"ಯಾಕ ನಗ್ತಿ?"

"ತಪ್ಪಾತ್ರಿ. ಇದು ಬೀಗರನ್ನ ಆಡಿಕೊಳ್ಳೂ ಪದಾರಿ. ಬೀಗ ಹೋಳಿಗಿ ಕದ್ದು ಧೋತರದಾಗ ಕಟಗೊಂಡ, ಬೆಲ್ಲ ಸೋರಿ ಇರುವಿ ಹತ್ತಿದ್ವು ಅಂತ. ನೀವು ಹೆಣದ ಮುಂದ ಬಾರಿಸಿದಂಗ ಬಾರಿಸಿದ್ರಿ!"

"ಸುಳ್ಳು! ಅವತ್ತು ನೀನ ಅಳಾಕತ್ತಿದ್ದಿ!"

"ಅಯ್ಯ! ವರ್ಷದ ಖಾರ ಕುಟ್ಟಾಕತ್ತಿದ್ನಿರಿ. ಆ ಘಾಟಿಗೆ ನಮ್ಮ ಎಮ್ಮಿ ಕಣ್ಣಾಗೂ ನೀರು ಬಂದಿದ್ವು."

ಕರವಸ್ತ್ರಗಳು ಲಗುಬಗೆಯಿಂದ ಜೇಬು ಸೇರಿದವು. "ನನಗ ನೆಗಡಿ ಆಗೇತ್ರಿ" ಎಂದ ರಾವಸಾಬ. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ನಗದವನು ರೇವಣಪ್ಪ ಒಬ್ಬನೇ. ಅವನ ಕಣ್ಣು ಇನ್ನೂ ಒದ್ದೆ.

"ಪದ ಯಾವುದರೆ ಇರಲಿ ಮಾವಾರ," ಎಂದ. "ನಾ ಅತ್ತಿದ್ದು ಅಕ್ಕನ್ನ ನೆನಸಿ. ನೀವು ಹೊರ್ತ್ಯಾಗ ಯಾರನ್ನ ನೆನಸಿ ಅತ್ರಿ?"

ಮಾಸ್ತರರು ಪೇಟಿಯ ಮುಚ್ಚಳ ಹಾಕಿದರು. ಎರಡು ವರ್ಷದಲ್ಲಿ ಅವರು ಅತ್ತದ್ದು ಒಂದೇ ಸಲ, ಅದೂ ಎಮ್ಮೆಯ ಜೊತೆಗೆ, ಮೆಣಸಿನಕಾಯಿಗೆ.