ಪಂಡಿತನ ಪುಡಿ

ನನ್ನ ತಂಗಿಯ ಗಂಡನಿಗೆ ಊರವರು ಇಟ್ಟ ಹೆಸರು ಪಂಡಿತ. ಕೋಳಿ ಮೇವಿಗೆ ಬೆರೆಸುವ ಗಿಡಮೂಲಿಕೆ ಪುಡಿ ಮಾರುವುದು ಅವನ ಕಸುಬು. ಕೋಳಿ ಶೆಡ್ಡು ತಂಗಿಯದು, ದುಡಿಮೆಯೂ ಅವಳದೇ. ಹಿಂದಿನ ಬ್ಯಾಚು ತೂಕ ಬಂದಿರಲಿಲ್ಲ. ಈ ಸಲವೂ ಬರದಿದ್ದರೆ ಇನ್ನು ಮರಿ ಇಳಿಸುವುದಿಲ್ಲ ಎಂದು, ಮರಿ ಕೊಟ್ಟು ಸಾಕಿಸಿ ಬೆಳೆದ ಮೇಲೆ ಒಯ್ಯುವ ಕಂಪನಿಯವರು ಹೇಳಿ ಹೋಗಿದ್ದರು. ಇಂಥ ಹೊತ್ತಿನಲ್ಲೇ ಈ ಮಹಾನುಭಾವನಿಗೆ ತನ್ನ ಪುಡಿಯ ಮಹಿಮೆ ತೋರಿಸುವ ಹುಕಿ ಬಂತು.

ನಾನು ಹೋದಾಗ ಶೆಡ್ಡಿನ ಬಾಗಿಲಲ್ಲಿ ನಾಲ್ಕೈದು ಕೋಳಿ ಸಾಕುವವರನ್ನು ನಿಲ್ಲಿಸಿಕೊಂಡು ಭಾಷಣ ಬಿಗಿಯುತ್ತಿದ್ದ.

"ಕೆಳಗೆ ಹಾಸಿದ ಹೊಟ್ಟು ನೋಡಿ, ಎಷ್ಟು ಒಣಗಿದೆ! ವಾಸನೆ ಇದೆಯಾ? ನಿನ್ನೆ ಹಾಕಿದ ಮೇವೂ ಹಾಗೇ ಉಳಿದಿದೆ. ತಿನ್ನದೆ ಬೆಳೆಯೋ ಕೋಳಿ ಎಲ್ಲಾದ್ರೂ ಕಂಡಿದ್ದೀರಾ? ಭಾವ, ನೀವೇ ಹೇಳಿ."

ದುಡಿಯದೆ ತಿನ್ನುವ ಪ್ರಾಣಿಯನ್ನು ಕಂಡಿದ್ದೆ. ತಿನ್ನದೆ ಬೆಳೆಯುವುದನ್ನು ಕಂಡಿರಲಿಲ್ಲ.

ಒಳಗೆ ಕೋಳಿಗಳು ಬಾಯಿ ಬಿಟ್ಟುಕೊಂಡು ನೀರಿನ ಪೈಪಿನಡಿ ಮುತ್ತಿ, ಹನಿ ಬೀಳಬೇಕಾದ ನಿಪ್ಪಲ್ಲುಗಳನ್ನು ಕುಕ್ಕುತ್ತಿದ್ದವು. ಒಂದನ್ನು ಬೆರಳಿನಿಂದ ಒತ್ತಿದೆ. ನೀರಿಲ್ಲ. ಪಕ್ಕದ್ದನ್ನು ಒತ್ತಿದೆ. ಹಸಿರು ಅಂಟು ಇಣುಕಿತು.

"ಪುಡಿ ಯಾವುದಕ್ಕೆ ಹಾಕಿದ್ಯಯ್ಯಾ?"

"ಟ್ಯಾಂಕಿಗೆ. ಮೇವಿಗೆ ಕಲಸೋಕೆ ಹೋದ್ರೆ ಸೊಂಟ ಬಿದ್ದು ಹೋಗುತ್ತೆ ಭಾವ."

"ಮೇವಿಗೇ ಬೆರೆಸಿ ಅಂತ ಪೊಟ್ಟಣದ ಮೇಲೆ ನೀನೇ ಅಚ್ಚು ಹಾಕಿಸಿದ್ದೀಯಲ್ಲೋ!"

"ಅದು ಗಿರಾಕಿಗಳಿಗೆ."

ನನ್ನ ಕೈ ಅವನ ಕತ್ತಿನ ಪಟ್ಟಿಗೆ ಹೋಗುವಷ್ಟರಲ್ಲಿ, ಬಕೆಟ್ ಹೊತ್ತು ಓಡಿ ಬಂದ ತಂಗಿ ಕಿರುಚಿದಳು. "ಅಣ್ಣಾ, ಆಮೇಲೆ ಹೊಡಿ. ಈಗ ಬಕೆಟ್ ಹಿಡಿ!"

ಬೋಗುಣಿ, ತಟ್ಟೆ, ಪಾತ್ರೆಯ ಮುಚ್ಚಳ, ಸಿಕ್ಕಿದ್ದರಲ್ಲೆಲ್ಲ ನೀರಿಟ್ಟೆವು. ಕೋಳಿಗಳು ಒಂದರ ಮೇಲೊಂದು ಬಿದ್ದವು. ಮೂಲೆಯಲ್ಲಿ ಬಿದ್ದಿದ್ದವು ಏಳಲೇ ಇಲ್ಲ. ತಂಗಿ ಗಂಡನ ಕೈಗೆ ಸೂಜಿ ಕೊಟ್ಟಳು.

"ಒಂದೊಂದು ನಿಪ್ಪಲ್ಲಿನ ಅಂಟನ್ನೂ ಬಿಡಿಸಿ. ಅಲ್ಲೀವರೆಗೆ ನಿಮಗೂ ನೀರಿಲ್ಲ."

ನೋಡಲು ಬಂದ ಕುರಿಗಳಲ್ಲಿ ಒಬ್ಬ, "ಪುಡಿ ಒಳ್ಳೇದೇ ಬಿಡಿ, ಟ್ಯಾಂಕ್ ಸರಿ ಇಲ್ಲ" ಎಂದು ಎರಡು ಪೊಟ್ಟಣ ಕೊಂಡ. ಅವನ ತಲೆಗೂ ಅದೇ ಅಂಟು ಮೆತ್ತಿರಬೇಕು.

ಬದುಕಿದ ಕೋಳಿಗಳು ಚೇತರಿಸಿಕೊಂಡವು, ತೂಕ ಮಾತ್ರ ಬರಲಿಲ್ಲ. ಕಂಪನಿಯವರು ಹೇಳಿದಂತೆಯೇ ಮಾಡಿದರು. ಈಗ ತಂಗಿ ಬೇರೆಯವರ ಶೆಡ್ಡಿಗೆ ಕೂಲಿಗೆ ಹೋಗುತ್ತಾಳೆ. ಮೊನ್ನೆ ಹೋಗಿ ನೋಡಿದರೆ, ಅವಳ ಶೆಡ್ಡಿನ ತುಂಬ ಪುಡಿಯ ಮೂಟೆ. ಪಂಡಿತ ಹಲ್ಲು ಕಿರಿದ.

"ಜಾಗ ಹೇಗೂ ಖಾಲಿ ಇತ್ತಲ್ಲ ಭಾವ."