ಕುಯ್ಯಮ್ಮನ ಕಲ್ಲು

ಬಸ್ಸಿಳಿದು ಹಟ್ಟಿಯ ದಾರಿ ಹಿಡಿದ ಅಂಜಿನೇಯನಿಗೆ ಮೊದಲು ಕಂಡದ್ದು ಆ ಗುಡ್ಲು. ಊರಾಚೆ, ಹುಣಸೆಮರದ ಪಕ್ಕ, ಹಸಿ ಸೊಪ್ಪು ಹೊದಿಸಿದ ಗೇಣಗಲದ ಗುಡ್ಲು. ಸೊಪ್ಪು ಇನ್ನೂ ಬಾಡಿರಲಿಲ್ಲ. ಯಾರ ಮನೆಯ ಹುಡುಗಿಯೋ ದೊಡ್ಡವಳಾಗಿದ್ದಾಳೆ, ಸೋದರಮಾವ ಗುಡ್ಲು ಹಾಕಿದ್ದಾನೆ ಅಂದುಕೊಂಡು ಮುಂದೆ ಹೆಜ್ಜೆ ಹಾಕಿದ.

"ಅಣ್ಣ."

ಅವನು ತಿರುಗಿ ನೋಡಿದ. ಸೊಪ್ಪಿನ ಸಂದಿಯಿಂದ ಇಣುಕಿದ್ದು ಅವನ ತಂಗಿ ಆಶಾಳ ಮುಖ.

"ಹತ್ರ ಬರಬ್ಯಾಡ ಅಣ್ಣ, ಬೈತಾರೆ. ನಂಗೇನೂ ಆಗಿಲ್ಲ. ಅದು ಕುಯ್ಯಮ್ಮನ ರಕ್ತ. ನನ್ ಮಡ್ಲಾಗೆ ಕೂತಿತ್ತು, ಲಂಗಕ್ಕಾತು. ನೀರಿಗೆ ಹೋದಾಗ ನಲ್ಲಿ ಹತ್ರ ಹೆಂಗಸ್ರು ನೋಡಿ ಕೂಗು ಎಬ್ಬಿಸಿದ್ರು. ನಾನು ಹೇಳಿದ್ದು ಯಾರೂ ಕೇಳ್ಲಿಲ್ಲ. ಮಾವ ಅವತ್ತೇ ಗುಡ್ಲು ಹಾಕ್ದ."

ಅಂಜಿನೇಯ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಸೇರಿದವನು. ಅಪ್ಪ ಸತ್ತ ಮೇಲೆ ಬೇರೆ ದಾರಿ ಇರಲಿಲ್ಲ. ತಾನು ಓದದ್ದನ್ನು ತಂಗಿಯಾದರೂ ಓದಲಿ ಎಂದು, ಚಳ್ಳಕೆರೆಯ ಹಾಸ್ಟೆಲ್ಲಿನಲ್ಲಿ ಅವಳಿಗೆ ಜಾಗ ಸಿಗುವತನಕ ಅಲ್ಲಿನ ವಾರ್ಡನ್ನಿನ ಬಾಗಿಲು ಕಾದಿದ್ದ. ಇವತ್ತು ಮಿಲ್ಲಿಗೆ ಕರೆಂಟಿಲ್ಲದ ದಿನ; ಅವಳನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದ. ಅವನ ಹಟ್ಟಿಯಲ್ಲಿ ಗುಡ್ಲು ಸೇರಿದ ಹುಡುಗಿ ಮತ್ತೆ ಸ್ಕೂಲಿನ ಮೆಟ್ಟಿಲು ಹತ್ತಿದ್ದನ್ನು ಅವನು ಕಂಡಿರಲಿಲ್ಲ. ಗುಡ್ಲು ಹಾಕಿದ ಸೋದರಮಾವನ ಮನೆಗೇ ಹೆಣ್ಣು ಹೋಗುವುದು ರೂಢಿ. ಮಾವ ಓಬಯ್ಯನಿಗೆ ಲಾರಿ ಓಡಿಸುವ ಮಗನೊಬ್ಬನಿದ್ದ.

"ಇಲ್ಲೇ ಇರು," ಅಂದ. ಮತ್ತೆಲ್ಲಿ ಹೋಗುತ್ತಾಳೆ ಎಂಬುದು ಅಂದ ಮೇಲೆ ಹೊಳೆದು ಹಲ್ಲು ಕಡಿದ.

ಮನೆಯಲ್ಲಿ ಅವ್ವ ಸೂರಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಎಲೆಯ ತುದಿಗಳನ್ನು ಚಿವುಟಿ, ಬೆರಳಿನ ಸುಣ್ಣವನ್ನು ಅವಕ್ಕೇ ಒರೆಸಿ ಮೂಲೆಯ ಬುಟ್ಟಿಯೊಳಗೆ ಹಾಕುತ್ತಿದ್ದಳು. ಬುಟ್ಟಿಯಲ್ಲಿದ್ದದ್ದು ಕುಯ್ಯಮ್ಮ. ಮಿಲ್ಲಿನ ಸಾಹುಕಾರರ ಮಗಳು ಬೆಂಗಳೂರಿನಿಂದ ತಂದು, ಬೇಜಾರಾಗಿ ಬಿಟ್ಟುಕೊಟ್ಟ ಗಿನಿ ಪಿಗ್. ಇಲಿಗಿಂತ ದಪ್ಪ, ಮೊಲಕ್ಕಿಂತ ಸಣ್ಣ, ಬಾಲವೇ ಇಲ್ಲ. ಹಟ್ಟಿಯವರಿಗೆ ಅದು ಸೀಮೆ ಇಲಿ. ಸೊಪ್ಪು ಕಂಡರೆ ಕುಯ್ ಕುಯ್ ಅನ್ನುತ್ತಿದ್ದುದರಿಂದ ಆಶಾಳಿಗೆ ಕುಯ್ಯಮ್ಮ.

"ಅವ್ವಾ, ಆ ಹುಡುಗಿ ಏನ್ ಹೇಳಿದ್ಲು ಕೇಳಿಸ್ಕಂಡ್ಯಾ?"

"ಹುಡುಗ್ರು ನಾಚಿಕೆಗೆ ಏನೇನೋ ಹೇಳ್ತಾವೆ. ಮೊದ್ಲು ಕೈಕಾಲು ತೊಳಿ, ಮುದ್ದೆ ಐತೆ."

ಅವನು ಬುಟ್ಟಿಗೆ ಕೈಯಿಟ್ಟ. ಕುಯ್ಯಮ್ಮ ಬೆನ್ನು ಗೂನು ಮಾಡಿಕೊಂಡು, ಕೂದಲು ನಿಮಿರಿಸಿಕೊಂಡು ಮುದುಡಿತ್ತು. ಎಲೆಯನ್ನು ಮೂಸಲೂ ಇಲ್ಲ. ಎತ್ತಿದ್ದೇ ತಡ, ಮೈಯೆಲ್ಲ ಬಿಗಿದು ಕಿರುಚಿತು. ಅಷ್ಟು ಸಣ್ಣ ಜೀವದೊಳಗೆ ಅಂಥ ಕೂಗು ಎಲ್ಲಿತ್ತೋ! ಅಂಗೈ ಬೆಚ್ಚಗಾಯಿತು. ನೋಡಿದರೆ ನಾಲ್ಕೇ ಹನಿ ಉಚ್ಚೆ, ಕುಂಕುಮ ಕದಡಿದಂತೆ ಕೆಂಪು.

ಅಂಜಿನೇಯ ಆ ಕೈಯನ್ನು ಹಾಗೇ ಅವ್ವನ ಮುಖದ ಮುಂದೆ ಹಿಡಿದ.

ಸೂರಮ್ಮ ಅಗಿಯುವುದನ್ನು ನಿಲ್ಲಿಸಿದಳು. ಕೈ ನೋಡಿದಳು, ಇಲಿ ನೋಡಿದಳು, ಆಮೇಲೆ ಗೋಡೆ ನೋಡಿದಳು.

"ನಿಮ್ ಮಾವ ಅವಳಿಗೆ ಶಾಸ್ತ್ರದ ನೀರು ಹಾಕ್ಯಾನೆ ಕಣಪ್ಪ," ಅಂದಳು ಸಣ್ಣಗೆ. "ಹಟ್ಟಿಗೆಲ್ಲಾ ಸಕ್ಕರೆ ಹಂಚ್ಯಾನೆ."

"ಸಕ್ಕರೆ ಹಂಚಿದ್ರೆ ಹುಡುಗಿ ದೊಡ್ಡೋಳಾಗ್ತಾಳೇನು?"

ಉತ್ತರಕ್ಕೆ ಕಾಯದೆ ಬುಟ್ಟಿ ಎತ್ತಿಕೊಂಡು ಹೊರಬಿದ್ದ. ಬಸ್ಸಿನಲ್ಲಿ ಪಕ್ಕದವನು, "ಏನ್ಲೇ ಅದು, ಕೋಳಿನಾ?" ಅಂದದ್ದಕ್ಕೆ, "ನಿಮ್ಮತ್ತೆ," ಅಂದುಬಿಟ್ಟ. ಆ ಮನುಷ್ಯ ಎದ್ದು ಹಿಂದಿನ ಸೀಟಿಗೆ ಹೋದ.

ದನದ ಆಸ್ಪತ್ರೆಯ ಡಾಕ್ಟರು ಬುಟ್ಟಿಯೊಳಗೆ ನೋಡಿ ಕನ್ನಡಕ ಸರಿಮಾಡಿಕೊಂಡರು. "ಎಮ್ಮೆ ನೋಡೋ ಕೈಯಪ್ಪ ಇದು. ಕಾಲೇಜಲ್ಲಿ ಓದಿದ ಮೇಲೆ ಇದರ ಮುಖ ಇವತ್ತೇ ನೋಡ್ತಿರೋದು." ಆದರೂ ಮೇಜಿನ ಮೇಲೆ ಟವೆಲ್ ಹಾಸಿ, ಎರಡೇ ಬೆರಳಲ್ಲಿ ಹೊಟ್ಟೆಯ ಕೆಳಗೆ ಮೆತ್ತಗೆ ಒತ್ತಿದರು. ಅದು ಮತ್ತೆ ಕಿರುಚಿತು.

"ಕಲ್ಲು. ಮೂತ್ರದ ಚೀಲದಿಂದ ಜಾರಿ ಉಚ್ಚೆದಾರಿಯ ಬಾಯಿಗೆ ಬಂದು ಕೂತೈತೆ. ಸದ್ಯ ಹೆಣ್ಣು, ದಾರಿ ಅಗಲ. ಗಂಡಾಗಿದ್ರೆ ಉಚ್ಚೆ ಕಟ್ಟಿ ಇಷ್ಟೊತ್ತಿಗೆ ಹೋಗಿರೋದು. ಏನು ತಿನ್ನಕ್ಕೆ ಹಾಕ್ತೀರಿ?"

"ಹುಲ್ಲು, ಸೊಪ್ಪು... ನಮ್ಮವ್ವ ಎಲೆ ಹಾಕ್ತಾಳೆ ಸಾರ್, ವೀಳ್ಯದೆಲೆ."

"ಸುಣ್ಣ ಹಚ್ಚಿದ್ದಾ?"

"ಹೂಂ. ಬೆರಳು ಒರೆಸಿ ಹಾಕ್ತಾಳೆ."

ಡಾಕ್ಟರು ಹಣೆ ಚಚ್ಚಿಕೊಂಡರು. "ಸುಣ್ಣ ಹೊಟ್ಟೆಗೆ ಹೋದ್ರೆ ಕಲ್ಲು ಕಟ್ಟದೆ ಇನ್ನೇನು ಕಟ್ಟೀತು? ಅದ್ರ ಮ್ಯಾಲೆ ನಿಮ್ಮೂರಿನ ಗಡಸು ಬೋರ್ ನೀರು. ಇನ್ನು ಮ್ಯಾಲೆ ಬರೀ ಒಣಹುಲ್ಲು, ಹಸಿ ಗರಿಕೆ, ಕಾಸಿ ಆರಿಸಿದ ನೀರು. ತಿಳೀತಾ?"

ಸೂಜಿ ಚುಚ್ಚಿ ಮತ್ತು ಬರಿಸಿ, ಸಣ್ಣ ಚಿಮಟ ಹಾಕಿ, ಉಸಿರು ಬಿಗಿಹಿಡಿದು ಅದನ್ನು ಈಚೆಗೆ ಎಳೆದರು. ಹೆಸರುಕಾಳಿನಷ್ಟು, ಮಣ್ಣುಬಣ್ಣದ, ಒರಟು ಕಲ್ಲು. "ಬದುಕೋದು ಬಿಡೋದು ನಾಳೆ ಗೊತ್ತಾಗುತ್ತೆ," ಅಂದರು. ಅಂಜಿನೇಯ ಕಲ್ಲನ್ನು ತೊಳೆದು ಖಾಲಿ ಬೆಂಕಿಪೊಟ್ಟಣದೊಳಗೆ ಹಾಕಿಕೊಂಡ. ಮದ್ದಿನ ಮಂಪರು ಪೂರ್ತಿ ಇಳಿದು ಅದು ಕಣ್ಣು ಬಿಟ್ಟ ಮೇಲೆ ಬಸ್ಸು ಹತ್ತಿದ.

ಇಳಿಹೊತ್ತು ಹುಣಸೆಮರದ ಕೆಳಗೆ ಗುಡ್ಲಿನ ಶಾಸ್ತ್ರಕ್ಕೆಂದು ಹಟ್ಟಿ ಸೇರಿತ್ತು. ಓಬಯ್ಯ ಹೊಸ ಪಂಚೆ ಉಟ್ಟು ನಡುವೆ ಕೂತಿದ್ದ. ಅಂಜಿನೇಯ ಬೆಂಕಿಪೊಟ್ಟಣ ತೆಗೆದು ಹಟ್ಟಿಯ ಹಿರಿಯ ಯತ್ತಪ್ಪನ ಅಂಗೈಗೆ ಕಲ್ಲು ಸುರಿದು, ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದ.

ಕಲ್ಲು ಕೈಯಿಂದ ಕೈಗೆ ಹೋಯಿತು. ಒಬ್ಬ ಹಲ್ಲಲ್ಲಿ ಕಚ್ಚಿ ನೋಡಲು ಹೋದ. ಎಲ್ಲಿಂದ ಬಂದದ್ದು ಎಂದು ನೆನಪಾಗಿ ಥೂ ಅಂದ. ಜನ ನಕ್ಕರು. ನಗೆ ಕೇಳಿ ಅಂಜಿನೇಯನಿಗೆ ಗೆದ್ದೆ ಅನ್ನಿಸಿತು.

"ದಿಟ ಕಣಯ್ಯಾ," ಅಂದ ಯತ್ತಪ್ಪ. ಜೀವಮಾನವೆಲ್ಲ ಕುರಿ ಕಾಯ್ದವನು. "ಟಗರಿಗೂ ಹಿಂಗೇ ಕಲ್ಲು ಕಟ್ಟುತ್ತೆ, ಉಚ್ಚೆ ನಿಂತು ಸಾಯ್ತಾವೆ. ನಾನೇ ಕಂಡೀನಿ. ಹುಡುಗಿ ಹೇಳಿದ್ದು ಸುಳ್ಳಲ್ಲ."

"ಹಂಗಾದ್ರೆ ಕಳಿಸ್ರಿ ಅವಳನ್ನ."

ಯತ್ತಪ್ಪ ಕಲ್ಲನ್ನು ವಾಪಸ್ಸು ಪೊಟ್ಟಣಕ್ಕೆ ಹಾಕಿ, ಜೋಪಾನವಾಗಿ ಮುಚ್ಚಿ, ಅವನ ಕೈಗಿಟ್ಟ. "ಅದ್ಹೆಂಗೆ ಕಳಿಸಾಕಾಗುತ್ತೆ? ಹುಡುಗಿ ಹೇಳಿದ್ದು ದಿಟ. ಗುಡ್ಲು ಹಾಕಿದ್ದೂ ದಿಟನೇ. ದೇವರಿಗೆ ಹೇಳಿ ನೀರು ಹಾಕೈತೆ. ಇವತ್ತಲ್ಲ ನಾಳೆ ದೊಡ್ಡೋಳು ಆಗೋಳೇ ತಾನೆ? ಒಂಚೂರು ಮೊದ್ಲಾತು ಅನ್ಕೋ."

ನಂಬದಿದ್ದರೆ ಅಂಜಿನೇಯ ಜಗಳವಾಡಬಹುದಿತ್ತು. ಇವರು ನಂಬಿದ್ದಾರೆ. ನಂಬಿಯೂ ಕೂತಿದ್ದಾರೆ!

"ಏಮಿರಾ ಅಲ್ಲುಡೂ," ಓಬಯ್ಯ ಅಳಿಯನನ್ನು ತೆಲುಗಿನಲ್ಲೇ ಕರೆದು ಮೀಸೆ ಒರೆಸಿಕೊಂಡ. "ನಾನು ಕೈಯಾರೆ ಸೊಪ್ಪು ಕಡ್ಕಂಬಂದು ಹಾಕಿದ ಗುಡ್ಲು. ಓಬಯ್ಯ ಇಲಿ ಉಚ್ಚೆಗೆ ಗುಡ್ಲು ಹಾಕ್ದ ಅಂತ ಸುತ್ತಹಳ್ಳಿ ನಗಬೇಕಾ? ನನ್ ಮಾನ ಏನಾಗಬೇಕು?"

"ನಿನ್ ಮಾನ ಉಳಿಯಾಕೆ ನನ್ ತಂಗಿ ಬೇಕಾ?"

"ಬಾಯಿ ಬಿಗಿಹಿಡಿ ಲೇ."

ಅಂಜಿನೇಯ ಬಾಯಿ ಬಿಗಿಹಿಡಿದ. ಬುಟ್ಟಿ ಕೆಳಗಿಟ್ಟ. ಎಲ್ಲರೂ ನೋಡುತ್ತಿದ್ದಂತೆ ನೆಟ್ಟಗೆ ನಡೆದು, ತಲೆ ಬಗ್ಗಿಸಿ, ಗುಡ್ಲಿನೊಳಗೆ ನುಗ್ಗಿ ತಂಗಿಯ ಪಕ್ಕ ಕೂತುಬಿಟ್ಟ.

ಹೆಂಗಸರು ಅಯ್ಯಯ್ಯೋ ಅಂದರು. ಯತ್ತಪ್ಪನ ಕೈಯ ಕೋಲು ಕೆಳಗೆ ಬಿತ್ತು. ಆ ಹಟ್ಟಿ ಹುಟ್ಟಿದಾಗಿನಿಂದ ಗಂಡಸೊಬ್ಬ ಗುಡ್ಲಿನ ಸೊಪ್ಪಿನ ಕೆಳಗೆ ಕಾಲಿಟ್ಟಿರಲಿಲ್ಲ.

"ಈಗ ನಾನೂ ಮೈಲಿಗೆ," ಒಳಗಿನಿಂದ ಕೂಗಿದ. "ನನಗೂ ನೀರು ಹಾಕು ಬಾ ಮಾವ. ನನ್ನೂ ನಿನ್ ಮಗನಿಗೇ ಕೊಡ್ತಾರೆ!"

ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಓಬಯ್ಯನ ಮುಖ ಸೀದ ರೊಟ್ಟಿಯಂತಾಯಿತು. "ಇನ್ನು ಆ ಹುಡುಗಿ ನನ್ ಹೊಸ್ತಿಲು ತುಳಿಯಂಗಿಲ್ಲ!" ಎಂದು ಪಂಚೆ ಎತ್ತಿಕಟ್ಟಿ ಹೊರಟೇಹೋದ.

"ಸಾಕಲ್ಲ, ಅಷ್ಟೇ ಬೇಕಾಗಿದ್ದು," ಅಂದು ಅಂಜಿನೇಯ ಆಶಾಳ ಕೈ ಹಿಡಿದು ಈಚೆಗೆ ಬಂದು ಬುಟ್ಟಿ ಎತ್ತಿಕೊಂಡ. ಜನ ಮೈಲಿಗೆ ತಗುಲೀತೆಂದು ಹಿಂದಕ್ಕೆ ಸರಿದು ದಾರಿ ಬಿಟ್ಟರು. ಆ ದಾರಿಯ ಕೊನೆಯಲ್ಲಿ ನಿಂತವಳು ಸೂರಮ್ಮ. ಕೈಯಲ್ಲಿ ಆಶಾಳ ಸ್ಕೂಲು ಚೀಲ.

ಅವಳು ಚೀಲವನ್ನು ನೆಲಕ್ಕಿಡುತ್ತಾಳೆ, ಹುಡುಗಿ ಎತ್ತಿಕೊಳ್ಳುತ್ತಾಳೆ ಎಂದು ಎಲ್ಲರೂ ಕಾದರು. ಸೂರಮ್ಮ ಇಡಲಿಲ್ಲ. ಮಗಳ ಕೈ ಎಳೆದು, ಬೆರಳು ಬಿಡಿಸಿ, ಚೀಲದ ಪಟ್ಟಿಯನ್ನು ಹಿಡಿಸಿ ಒತ್ತಿದಳು.

"ನಲ್ಲಿ ಹತ್ರ ಎಲ್ರಿಗಿಂತ ಮೊದ್ಲು ಕೂಗಿದೋಳು ನಾನೇ ಕಣವ್ವ," ಅಂದಳು. ಅಷ್ಟೇ. ಬಾಯೊಳಗಿದ್ದ ಎಲೆಯನ್ನು ಪಕ್ಕಕ್ಕೆ ಉಗಿದಳು.

ಬಸ್ಸು ಬಿ.ಜಿ. ಕೆರೆ ದಾಟಿದರೂ ಅಂಜಿನೇಯ ನಂಬಿದ್ರಲ್ಲ, ನಂಬಿದ್ರಲ್ಲ ಎಂದು ತನ್ನೊಳಗೇ ಗೊಣಗುತ್ತಿದ್ದ. ಆಶಾ ಕುಯ್ಯಮ್ಮನನ್ನು ಬುಟ್ಟಿಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಲಂಗ ಒದ್ದೆಯಾಯಿತು. ಇಬ್ಬರೂ ಬೆಚ್ಚಿದರು. ಕಿರುಚಾಟವೇನೂ ಕೇಳಿಸಲಿಲ್ಲ. ಆಶಾ ಲಂಗದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕೆಂಪಿಲ್ಲ ಅಣ್ಣ," ಅಂದಳು.