ಬಿಚ್ಚಿದವರೇ ಬಿಗಿಯಬೇಕು

ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿ, ಮೊದಲ ದಿಂಬಿನ ಚೀಲಕ್ಕೆ ಸೋಪು ಹಚ್ಚಿದ್ದೆನಷ್ಟೇ, ಶೆಡ್ಡಿನಿಂದ ಇವರ ಕೂಗು ಬಂತು.

"ಏನೇ, ಸ್ವಲ್ಪ ಬಾ ಇಲ್ಲಿ. ನಿನ್ನ ಭಾರ ಬೇಕು!"

"ನೆನ್ನೆ ತನಕ ಒಂದು ತುತ್ತು ಕಮ್ಮಿ ತಿನ್ನು ಅಂತಿದ್ರಿ. ಈಗ ನನ್ನ ಭಾರ ಬೇಕಾಯ್ತಾ?" ಎನ್ನುತ್ತಲೇ ಕೈ ಒರೆಸಿಕೊಂಡು ಹೋದೆ.

ಮನೆಯ ಹಿಂದಿನ ಈ ಶೆಡ್ಡು ಮಾವನವರ ಕಾಲದ್ದು. ಹಳೆಯ ಕಾರುಗಳ ರಿಪೇರಿ ಇವರಿಗೆ ತಂದೆಯಿಂದ ಬಂದ ಕಸುಬು. ಈಗ ಅದು ಮಗಳಿಗೆ, ನಮ್ಮ ಗುಬ್ಬಿಗೆ, ದಾಟುತ್ತಿದೆ. ಆ ದಿನ ಒಳಗೆ ನಿಂತಿದ್ದದ್ದು ಹಲ್ಲಿನ ಡಾಕ್ಟರೊಬ್ಬರ ಕೆಂಪು ಸ್ಪೋರ್ಟ್ಸ್ ಕಾರು. ಇಬ್ಬರೇ ಕೂರಬಹುದಾದ, ತಲೆಯ ಮೇಲೆ ಚಾವಣಿಯಿಲ್ಲದ, ನೆಲಕ್ಕೆ ಅಂಟಿಕೊಂಡಂಥ ಗಾಡಿ. ಅದರ ಮರದ ಸ್ಟೀರಿಂಗ್ ಚಕ್ರ ಬಿರುಕು ಬಿಟ್ಟಿತ್ತು. ಅದನ್ನು ತೆಗೆದು ಅದೇ ಮಾದರಿಯ ಇನ್ನೊಂದನ್ನು ಕೂರಿಸಬೇಕಿತ್ತು.

ಚಕ್ರದ ನಡುವಿನ ಹಾರ್ನ್ ಬಟನ್ನನ್ನು ಗುಬ್ಬಿ ಆಗಲೇ ಎಬ್ಬಿಸಿ ತೆಗೆದಿದ್ದಳು. ಅದರ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ನಟ್ಟು. ಚಕ್ರವನ್ನು ಕಂಬಿಗೆ ಹಿಡಿದಿಡುವುದು ಅದೊಂದೇ. ಎಷ್ಟು ವರ್ಷದಿಂದ ಅಲ್ಲಿ ಕೂತಿತ್ತೋ, ಜಗ್ಗುತ್ತಿರಲಿಲ್ಲ. ಎಂಜಿನ್ ಎತ್ತುವಾಗ ಭುಜ ಉಳುಕಿಸಿಕೊಂಡಿದ್ದ ಇವರ ಬಲಗೈ ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಗುಬ್ಬಿ ಉದ್ದನೆಯ ಸ್ಪ್ಯಾನರಿಗೆ ಜೋತುಬಿದ್ದು ಕೆಂಪಗಾಗಿದ್ದಳು.

"ನೀನು ಚಕ್ರ ಹಿಡ್ಕೋ ಗುಬ್ಬಿ, ಅಮ್ಮ ಒತ್ಲಿ," ಎಂದರು ಇವರು.

ನಾನು ಸ್ಪ್ಯಾನರಿನ ತುದಿಗೆ ಎರಡೂ ಅಂಗೈ ಇಟ್ಟು ಮೈಭಾರವನ್ನೆಲ್ಲ ಬಿಟ್ಟೆ. ಕಟ್ ಎಂದಿತು. ನಟ್ಟು ಸೋತಿತು.

"ಸಾಕು, ಸಾಕು! ಪೂರ್ತಿ ತೆಗೀಬೇಡ. ತುದೀಲಿ ಸ್ವಲ್ಪ ಇರ್ಲಿ."

ಪೂರ್ತಿ ತೆಗೆದರೆ ಎಳೆಯುವಾಗ ಚಕ್ರ ಒಮ್ಮೆಲೇ ಹಾರಿ ಮುಖಕ್ಕೆ ಬಡಿಯುತ್ತದೆ. ಮಾವನವರ ಮುಂದಿನ ಹಲ್ಲು ಹೋದದ್ದು ಹಾಗೆಯೇ. ಅತ್ತೆಗೆ ಮಾತ್ರ ಕೊನೆಯವರೆಗೂ ಆ ಬಗ್ಗೆ ಬೇರೆ ಅನುಮಾನವಿತ್ತು.

"ಇನ್ನು ಹೋಗಮ್ಮ, ನಿನ್ನ ಸೋಪು ಕರಗೋಗತ್ತೆ," ಎಂದಳು ಗುಬ್ಬಿ. ಬಂದೆ. ಒಂದು ರಾಶಿ ಬಟ್ಟೆ ಕಾದಿತ್ತು.

ಸ್ವಲ್ಪ ಹೊತ್ತಿಗೆ ಕಾರು ಗುರುಗುಟ್ಟಿದ್ದು, ಗೇಟು ದಾಟಿದ್ದು ಕೇಳಿಸಿತು. ರಿಪೇರಿಯಾದ ಗಾಡಿಯನ್ನು ನೀರಿನ ಟ್ಯಾಂಕಿನ ಗುಡ್ಡ ಹತ್ತಿಸಿ ಇಳಿಸಿ ತರುವುದು ಶೆಡ್ಡಿನ ರೂಢಿ. ನಾನು ಬೆಡ್‌ಶೀಟು ಹಿಂಡುತ್ತಿದ್ದೆ. ಇವರು ಹಿತ್ತಲಿಗೆ ಬಂದರು.

"ದೊಡ್ಡ ಸ್ಪ್ಯಾನರ್ ಕಾಣ್ತಿಲ್ಲ. ಗುಬ್ಬಿ ಎಲ್ಲಿಟ್ಟಳೋ, ಎತ್ತಿಡೋಣ ಅಂದ್ರೆ..."

ಮಾತು ಅಲ್ಲಿಗೇ ನಿಂತಿತು. ನಾನೂ ಅವರ ಕಣ್ಣು ಹೋದ ಕಡೆ ನೋಡಿದೆ. ಒಗೆಯುವ ಕಲ್ಲಿನ ಮೇಲೆ, ಸೋಪಿನ ಪಕ್ಕದಲ್ಲಿ, ನೊರೆ ಮೆತ್ತಿಕೊಂಡು ಸ್ಪ್ಯಾನರು ಮಲಗಿತ್ತು. ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು ಬಂದುಬಿಟ್ಟಿದ್ದೆ. ಸೌಟು ಹಿಡಿದೇ ಬಾಗಿಲು ತೆಗೆಯಲು ಹೋಗುವವಳು ನಾನು.

"ಇದು ಇಲ್ಲೇ ಇತ್ತಾ? ಅವಾಗ್ಲಿಂದ?"

"ಹೂಂ."

"ಮತ್ತೆ ಅವಳು ಯಾವುದ್ರಲ್ಲಿ ಬಿಗಿದ್ಲು?"

ಆ ನಟ್ಟಿಗೆ ಹೊಂದುವ ಸ್ಪ್ಯಾನರು ಶೆಡ್ಡಿನಲ್ಲಿ ಇನ್ನೊಂದಿಲ್ಲ. ಗುಬ್ಬಿಗೆ ಫೋನ್ ಮಾಡಿದೆ. ಶೆಡ್ಡಿನ ಮೇಜಿನ ಮೇಲೆ ಅದು ರಿಂಗಾಯಿತು.

ಸ್ಕೂಟರ್ ತೆಗೆದೆ. ಇವರು ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಹಿಂದೆ ಕೂತರು. ರಸ್ತೆಗೆ ಬಿದ್ದ ಮೇಲೆ ಕೇಳಿದೆ.

"ಬಿಗಿದ್ಲೋ ಇಲ್ವೋ ನೋಡ್ಲಿಲ್ವಾ ನೀವು?"

"ನಟ್ಟು ಕೂತಿತ್ತು ಕಣೇ. ಸ್ಪ್ಯಾನರಿಗೆ ಜೋತುಬಿದ್ದಿದ್ದು ಅವಳಲ್ವಾ, ಬಿಚ್ಚಿದೋಳೇ ಬಿಗಿದಿರ್ತಾಳೆ ಅನ್ನೋ ಗುಂಗಲ್ಲಿ ಬಟನ್ ಒತ್ತಿ ಮುಚ್ಚಿಬಿಟ್ಟೆ."

"ಅವಳೆಲ್ರೀ ಬಿಚ್ಚಿದ್ದು? ಬಿಚ್ಚಿದ್ದು ನಾನು!"

ಸ್ಕೂಟರಿನ ವೇಗ ಹೆಚ್ಚಿಸಿದೆ.

ಬಿಚ್ಚಿದವರೇ ಬಿಗಿಯಬೇಕು. ಮಾವನವರು ಹಾಕಿದ ಕಟ್ಟಳೆ. ಎಷ್ಟು ಬಲಕ್ಕೆ ಬಿಚ್ಚಿಕೊಂಡಿತು ಎನ್ನುವುದು ಆ ಕೈಗೇ ಗೊತ್ತು, ಅಷ್ಟೇ ಬಲಕ್ಕೆ ಅದು ಮತ್ತೆ ಬಿಗಿಯುತ್ತದೆ ಎನ್ನುತ್ತಿದ್ದರು. ಇನ್ನೊಬ್ಬರು ಬಿಚ್ಚಿದ ನಟ್ಟಿಗೆ ಆ ಶೆಡ್ಡಿನಲ್ಲಿ ಯಾರೂ ಸ್ಪ್ಯಾನರ್ ಹಾಕುವುದಿಲ್ಲ. ಗುಬ್ಬಿ ತಾತನ ಮೊಮ್ಮಗಳು. ಚಕ್ರ ಬದಲಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿ, ಉಳಿದದ್ದು ಅಮ್ಮನದು ಎಂದು ಬಿಟ್ಟಿರುತ್ತಾಳೆ. ಶೂ ಹಾಕಿಕೊಂಡು ಬರುವಷ್ಟರಲ್ಲಿ ಬಟನ್ ಕೂತಿದೆ. ಅಮ್ಮ ಬಂದು ಬಿಗಿದು ಹೋದಳು ಎಂದುಕೊಂಡಿರುತ್ತಾಳೆ. ನಾನೋ, ಡಬ್ಬಿಯ ಮುಚ್ಚಳ ತೆಗೆದುಕೊಟ್ಟ ಹಾಗೆ ತೆಗೆದುಕೊಟ್ಟು ಬಂದಿದ್ದೆ. ಆ ಕಟ್ಟಳೆ ನನಗೂ ಅನ್ವಯಿಸುತ್ತದೆ ಎಂದು ಹೊಳೆದಿರಲೇ ಇಲ್ಲ.

"ತಕ್ಷಣ ಏನೂ ಆಗಲ್ಲ," ಎಂದರು ಇವರು, ನನ್ನ ಕಿವಿಯ ಹತ್ತಿರ. "ಕಂಬಿಯ ಹಲ್ಲಿಗೆ ಚಕ್ರದ ಹಲ್ಲು ಕೂತಿರತ್ತೆ, ತಿರುಗ್ಸಿದ್ರೆ ತಿರುಗತ್ತೆ. ಅಲ್ಲಾಡಿ ಅಲ್ಲಾಡಿ ನಟ್ಟು ಬಿಚ್ಕೊಂಡ್ರೆ ಮಾತ್ರ... ಅವಾಗ್ಲೂ ತನ್ನ ಕಡೆ ಎಳೀಬಾರ್ದು ಅಷ್ಟೇ."

"ಇಳಿಜಾರಲ್ಲಿ ಯಾರ್ರೀ ಎಳೀದೇ ಇರ್ತಾರೆ?"

"ಮುಂದೆ ನೋಡಿ ಓಡ್ಸೇ!"

ಅಂಗಡಿಸಾಲು ಮುಗಿದು ಏರು ಶುರುವಾಯಿತು. ಎರಡು ಜನರ ಭಾರಕ್ಕೆ ಸ್ಕೂಟರು ಏದುಸಿರು ಬಿಡುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರೀ ಗಾಳಿ. ಆಗ ಮೇಲಿನಿಂದ ಹಾರ್ನ್ ಕೇಳಿಸಿತು.

ಅದು ತಿರುವಿನಲ್ಲಿ ಎಚ್ಚರಿಸುವ ಹಾರ್ನ್ ಆಗಿರಲಿಲ್ಲ. ಒಂದೇ ಸಮ, ಉಸಿರಿಲ್ಲದೆ ಒರಲುತ್ತಿತ್ತು. ಗುದ್ದಿದ ಗಾಡಿಯಲ್ಲಿ ಓಡಿಸುವವರ ತಲೆ ಚಕ್ರದ ಮೇಲೆ ಬಿದ್ದಿದ್ದರೆ ಹಾರ್ನ್ ಹೀಗೆಯೇ ಕೂಗುತ್ತಿರುತ್ತದೆ. ಇವರ ಎಡಗೈ ನನ್ನ ಸೊಂಟವನ್ನು ಸ್ಪ್ಯಾನರಿನ ಸಮೇತ ಬಿಗಿಯಾಗಿ ಹಿಡಿಯಿತು. ಕಬ್ಬಿಣ ಪಕ್ಕೆಗೆ ಒತ್ತುತ್ತಿತ್ತು.

"ಹತ್ರ ಬರ್ತಿದೆ," ಎಂದರು ಇವರು ಕೊನೆಗೆ. "ಕೇಳು. ಶಬ್ದ ಹತ್ರ ಬರ್ತಿದೆ ಕಣೇ!"

ನಿಂತ ಗಾಡಿಯ ಶಬ್ದ ಹತ್ತಿರ ಬರುವುದಿಲ್ಲ. ಸ್ಕೂಟರನ್ನು ಬಂಡೆಯ ಕಡೆಗೆ ನಿಲ್ಲಿಸಿ ಇಳಿದೆವು.

ತಿರುವಿನಲ್ಲಿ ಕೆಂಪು ಕಂಡಿತು. ಕಾರು ಮೊದಲ ಗೇರಿನಲ್ಲಿ, ನಡೆಯುವವರ ವೇಗದಲ್ಲಿ ಇಳಿಯುತ್ತಿತ್ತು. ಗುಬ್ಬಿ ಸೀಟಿನಲ್ಲಿ ಕೂತೇ ಇರಲಿಲ್ಲ. ಅರ್ಧ ಎದ್ದು, ಎದೆಯನ್ನು ಚಕ್ರದ ನಡುಭಾಗಕ್ಕೆ ಒತ್ತಿ, ಅದನ್ನು ಅಪ್ಪಿಕೊಂಡಂತೆ ಎರಡೂ ಕೈಯಲ್ಲಿ ತಿರುಗಿಸುತ್ತಿದ್ದಳು. ಗಲ್ಲ ಗಾಜಿಗೆ ತಾಗುವಂತಿತ್ತು. ಅವಳ ಎದೆಯ ಕೆಳಗೆ ಹಾರ್ನ್ ಒರಲುತ್ತಿತ್ತು.

ಓಡಿ ಹೋಗಬೇಕು ಅನ್ನಿಸಿತು. ಇವರು ತಡೆದರು. "ಕೂಗಬೇಡ. ಅವಳ ಪಾಡಿಗೆ ಅವಳು ಮಾಡ್ಲಿ."

ಅವಳು ನಮ್ಮನ್ನು ನೋಡಿದಳು, ನೋಡಿಯೂ ಕಣ್ಣು ಕದಲಿಸಲಿಲ್ಲ. ರಸ್ತೆ ಸಪಾಟಾದ ಕಡೆ ಬಂಡೆಯ ಪಕ್ಕಕ್ಕೆ ತಂದು ಬ್ರೇಕ್ ಒತ್ತಿದಳು. ಕಾರು ನಿಂತಿತು. ಎಂಜಿನ್ ನಿಂತಿತು. ಹಾರ್ನ್ ಮಾತ್ರ ನಿಲ್ಲಲಿಲ್ಲ.

"ಗುಬ್ಬಿ, ಬಿಡು ಕಂದ. ನಿಂತಿದೆ."

"ಬಿಡ್ಲಾ?"

"ಬಿಡು."

ಅವಳು ಹಿಂದಕ್ಕೆ ಕೂತಳು. ಚಕ್ರವೂ ಅವಳ ಜೊತೆಗೇ ಬಂದು ತೊಡೆಯ ಮೇಲೆ ಕೂತಿತು. ಬಟನ್ನಿನ ಕೆಳಗೆ ನಟ್ಟು ಗಿಲಕಿಯ ಹಾಗೆ ಗಲಗಲ ಎಂದಿತು.

ಗುಬ್ಬಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ನೀನು ಬಿಗಿದು ಹೋದೆ ಅನ್ಕೊಂಡೆ ಅಮ್ಮ," ಎಂದಳು. ದೂರು ಇರಲಿಲ್ಲ ಆ ದನಿಯಲ್ಲಿ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಇಳೀಯೇ ಮೊದ್ಲು," ಎಂದೆ.

"ಇಲ್ಲ. ನಾನು ಇಲ್ಲೇ ಕೂತು ಹಿಡ್ಕೋತೀನಿ. ನೀನು ಬಿಗಿ."

ಬಟನ್ ಎಬ್ಬಿಸಿ, ನೇರ ಕೂರಲೆಂದು ಕಂಬಿಯ ಮೇಲಿನ ಗೀರಿಗೆ ಚಕ್ರದ ಗೀರು ಸೇರಿಸಿ ಅವಳು ಒತ್ತಿ ಹಿಡಿದಳು. ಇವರು ಎಡಗೈಯಲ್ಲಿ ನಟ್ಟು ಹಚ್ಚಿದರು. ನಾನು ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟೆ.

"ಇನ್ನೊಂದ್ಸಲ," ಎಂದಳು ಗುಬ್ಬಿ.

ಇನ್ನೊಮ್ಮೆ ಒತ್ತಿದೆ.

"ಅಪ್ಪಾ, ನೀನೂ."

"ನಾನು ಬಿಚ್ಚಿದ್ದಲ್ವಲ್ಲೇ..." ಎಂದು ಶುರು ಮಾಡಿದವರು ನಮ್ಮಿಬ್ಬರ ಮುಖ ನೋಡಿ ಬಾಯಿ ಮುಚ್ಚಿದರು. ಒಳ್ಳೆಯ ಕೈಯಿಂದ ಸ್ಪ್ಯಾನರಿಗೆ ಜೋತುಬಿದ್ದರು. ಅದು ಕದಲಲಿಲ್ಲ.

ಆಮೇಲೆ ಅವಳು ಕಾಲನ್ನು ಒಳಗಿನ ಹಲಗೆಗೆ ಒತ್ತಿಕೊಟ್ಟು ಚಕ್ರವನ್ನು ಎದೆಗೆ ಎಳೆದಳು, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬುವ ಹಾಗೆ. ಬರಲಿಲ್ಲ. ಮತ್ತೆ ಎಳೆದಳು. "ಸಾಕು ಬಿಡೇ" ಎನ್ನಲು ಹೊರಟ ಇವರನ್ನು ನಾನು ಕಣ್ಣಲ್ಲೇ ತಡೆದೆ. ಎಳೆಯಲಿ. ಎಷ್ಟು ಬೇಕೋ ಅಷ್ಟು ಎಳೆಯಲಿ.

"ಕಾರು ಇಲ್ಲೇ ಇರ್ಲಿ, ಸ್ಕೂಟರಲ್ಲಿ ಬಾ," ಎಂದೆ ಕೊನೆಗೆ.

"ಇವತ್ತು ಬಿಟ್ರೆ ನಾಳೆ ಮುಟ್ಟಲ್ಲಮ್ಮ ನಾನು."

ಮುಟ್ಟದಿದ್ದರೇ ಒಳ್ಳೆಯದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇವರು ಅವಳ ಪಕ್ಕದಲ್ಲಿ ಕೂತರು. ಕಾರು ಮುಂದೆ, ನಾನು ಹಿಂದೆ. ಗುಡ್ಡದ ಬುಡದವರೆಗೂ ಅವಳ ಬೆನ್ನು ಸೀಟಿಗೆ ತಾಗಲಿಲ್ಲ.